ಇಂಗ್ಲಿಷಿನಲ್ಲಿ ನಾವು ಮಾತು ಬಿಟ್ಟಿರಲಿಲ್ಲ

ನಮ್ಮ ಅಂಗಡಿಯ ಮೇಜಿಗೆ ಒಂದು ಕಾಲು ಗಿಡ್ಡ. ಅದು ಅಲ್ಲಾಡದಿರಲಿ ಎಂದು ಯಾವಾಗಲೋ ಕೆಳಗೆ ಕಾಗದದ ಕಟ್ಟೊಂದನ್ನು ತುರುಕಿದ್ದೆವು. ಮೊನ್ನೆ ಕಸ ಗುಡಿಸುವಾಗ ಪೊರಕೆಗೆ ಸಿಕ್ಕಿ ಅದು ಹೊರಗೆ ಬಂತು. ನೋಡಿದರೆ ಮದುವೆ ಕಾರ್ಡುಗಳು! ಹೊಳಲ್ಕೆರೆಯಲ್ಲಿರುವ ನಮ್ಮ ಲಲಿತಕ್ಕನ ಮಗಳ ಮದುವೆಯವು, ಹಂಚಿ ಉಳಿದವು. ಒಂದು ಮಗ್ಗುಲಿಗೆ ಕನ್ನಡ, ಇನ್ನೊಂದು ಮಗ್ಗುಲಿಗೆ ಇಂಗ್ಲಿಷ್. ಇಂಗ್ಲಿಷ್ ಮಗ್ಗುಲು ಕಣ್ಣಿಗೆ ಬಿದ್ದ ಕೂಡಲೇ ನನ್ನ ಕಿವಿ ಬಿಸಿಯಾದವು. ಅಂಗಡಿಯಲ್ಲಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಕಟ್ಟನ್ನು ಮತ್ತೆ ಮೇಜಿನ ಕಾಲ ಕೆಳಗೇ ತುರುಕಿದೆ. ಅಲ್ಲಾದರೆ ಅದು ಒಂದು ಕೆಲಸಕ್ಕಾದರೂ ಬರುತ್ತದೆ.

ಆ ಇಂಗ್ಲಿಷ್ ಮಗ್ಗುಲನ್ನು ಬರೆದ ಪಂಡಿತ ನಾನೇ. ಅದರ ದೆಸೆಯಿಂದ ನಮ್ಮ ಅಣ್ಣ ನನ್ನ ಜೊತೆ ಮಾತು ಬಿಟ್ಟ. ಒಂದು ದಿನ ಎರಡು ದಿನವಲ್ಲ, ಮೂರು ವರ್ಷ. ನಗುವುದಿದ್ದರೆ ಈಗಲೇ ನಕ್ಕುಬಿಡಿ, ಮುಂದಿನದನ್ನು ಹೇಳುವುದು ನನಗೆ ಸುಲಭವಾಗುತ್ತದೆ.

ನನ್ನ ಹೆಸರು ಅಜ್ಜಪ್ಪ. ತೊಟ್ಟಿಲಲ್ಲಿದ್ದಾಗಲೇ ಮುತ್ತಜ್ಜನ ಹೆಸರಿಟ್ಟು ನನ್ನನ್ನು ಮುದುಕನನ್ನಾಗಿ ಮಾಡಿದ್ದರು. ಹೊಸದುರ್ಗದಲ್ಲಿ ಪಂಪ್‌ಸೆಟ್ಟಿನ ಬಿಡಿಭಾಗಗಳನ್ನು ಮಾರುವ ಅಂಗಡಿ ನಮ್ಮದು. ಅದನ್ನು ತೆರೆದವನು ನನಗಿಂತ ಒಂಬತ್ತು ವರ್ಷ ದೊಡ್ಡವನಾದ ಅಣ್ಣ ತಿಪ್ಪೇಸ್ವಾಮಿ. ನಾನು ಚಿತ್ರದುರ್ಗದಲ್ಲಿ ಬಿ.ಎ. ಮುಗಿಸಿ, ಯಾವ ನೌಕರಿಯೂ ನನ್ನನ್ನು ಹುಡುಕಿಕೊಂಡು ಬರದೆ ಮನೆಯಲ್ಲಿ ಕೂತಿದ್ದಾಗ, ಅಣ್ಣ ಏನೂ ಹೇಳದೆ ಅಂಗಡಿಯಲ್ಲಿ ಇನ್ನೊಂದು ಸ್ಟೂಲು ಹಾಕಿದ. ಮನೆಯೂ ಒಂದೇ. ಕೆಳಗೆ ನಾನು, ನನ್ನ ಹೆಂಡತಿ ಶಾರದ, ಮಗಳು ಮೇಘನ. ಮಹಡಿಯಲ್ಲಿ ಅಣ್ಣ ಮತ್ತು ಗೌರತ್ತಿಗೆ. ಅವ್ವ ಹನುಮಕ್ಕ ಯಾವ ಮನೆಯ ಸಾರು ಚೆನ್ನಾಗಿದೆಯೋ ಅಲ್ಲಿ ಉಣ್ಣುತ್ತಾಳೆ.

ಬಿ.ಎ. ಮಾಡಿದ್ದರಿಂದ ನನಗೆ ಇಂಗ್ಲಿಷ್ ಬರುತ್ತದೆ ಎಂಬ ನಂಬಿಕೆ ಮನೆಯಲ್ಲಿ ಬೆಳೆದುಬಿಟ್ಟಿತ್ತು. ಡಾಕ್ಟರ ಚೀಟಿ, ಬ್ಯಾಂಕಿನ ಕಾಗದ, ಮಿಕ್ಸಿಯ ಜೊತೆ ಬರುವ ಸಣ್ಣ ಪುಸ್ತಕ, ಎಲ್ಲವೂ ನನ್ನ ಮುಂದೆ ಬರುತ್ತಿದ್ದವು. ನಾನು ಕನ್ನಡಕ ಏರಿಸಿಕೊಂಡು, ಸ್ವಲ್ಪ ಹೊತ್ತು ತುಟಿ ಅಲ್ಲಾಡಿಸಿ, "ಅಂಥದ್ದೇನಿಲ್ಲ, ದಿನಕ್ಕೆರಡು ಸಲ" ಎನ್ನುತ್ತಿದ್ದೆ. ಮಿಕ್ಸಿಗೂ ಅದನ್ನೇ ಹೇಳಿದ್ದೆನೇನೋ, ನೆನಪಿಲ್ಲ. ನಿಜವಾಗಿ ನನ್ನ ಇಂಗ್ಲಿಷೆಲ್ಲ ಅಂಗಡಿಯ ಡಬ್ಬಿಗಳ ಮೇಲಿನದು. ವಾಷರು, ಕಪ್ಲಿಂಗು, ಫುಟ್‌ವಾಲ್ವು, ಕೆಪಾಸಿಟರು. ಬರೀ ಸಾಮಾನು. ಸಾಮಾನುಗಳನ್ನು ಜೋಡಿಸಿ ಓಡಿಸುವುದು ಮೋಟಾರಿನಲ್ಲಿ ಬರುತ್ತಿತ್ತೇ ಹೊರತು ಮಾತಿನಲ್ಲಿ ಬರುತ್ತಿರಲಿಲ್ಲ.

ಆದರೆ ಬಂದ ಅಷ್ಟೂ ಅಣ್ಣನಿಂದಲೇ ಬಂದದ್ದು. ಇದನ್ನು ಹೇಳದೆ ಮುಂದೆ ಹೋದರೆ ತಪ್ಪಾಗುತ್ತದೆ.

ಅಣ್ಣ ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಒಂದರಲ್ಲಿ ಫೇಲಾದ. ಮತ್ತೆ ಕಟ್ಟಿದ, ಮತ್ತೆ ಫೇಲಾದ. ಮೂರನೇ ಸಲ ಕಟ್ಟುವ ಬದಲು ಐದನೇ ಕ್ಲಾಸಿನಲ್ಲಿದ್ದ ನನ್ನನ್ನು ಹಿಡಿದುಕೊಂಡ. ಆಗೆಲ್ಲ ರಜೆ ಬಂತೆಂದರೆ ನಾವು ಹಿರಿಯೂರಿನ ಹತ್ತಿರ ಆದಿವಾಲದಲ್ಲಿದ್ದ ತಾತನ ಮನೆಗೆ ಹೋಗುತ್ತಿದ್ದೆವು. ತಾತನದು ಕುರಿ ಹಿಂಡು. ಬೆಳಿಗ್ಗೆ ರೊಟ್ಟಿ ಕಟ್ಟಿಕೊಂಡು ಹಿಂಡಿನ ಹಿಂದೆ ಹೊರಟರೆ ಪಾಠ ಶುರು. ನಡೆಯುತ್ತಿರುವಾಗ "ಐ ಗೋ, ಯೂ ಗೋ, ಹಿ ಗೋಸ್". ಹಿ ಎನ್ನುವಾಗ ಅಣ್ಣ ಮುಂದೆ ಹೋಗುತ್ತಿದ್ದ ಟಗರಿನ ಕಡೆ ಕೋಲು ತೋರಿಸುತ್ತಿದ್ದ. ಮರದ ನೆರಳಲ್ಲಿ ಕೂತರೆ "ಐ ಸಿಟ್". ಮಾಡದೆ ಇರುವ ಕೆಲಸದ ಇಂಗ್ಲಿಷನ್ನು ಅವನು ಹೇಳಿಕೊಡುತ್ತಿರಲಿಲ್ಲ. ಹಾಗಾಗಿ ಭೂತಕಾಲವನ್ನು ಹಗಲಿನಲ್ಲಿ ಮುಟ್ಟುತ್ತಲೇ ಇರಲಿಲ್ಲ. ಕೇಳಿದರೆ, "ಇನ್ನಾ ಏನೂ ಆಗಿಲ್ವಲ್ಲೋ, ಸಂಜೆ ಆಗ್ಲಿ ತಡಿ" ಎನ್ನುತ್ತಿದ್ದ. ಸಂಜೆ ಕುರಿಗಳೆಲ್ಲ ಹಟ್ಟಿಗೆ ಸೇರಿದ ಮೇಲೆ ಕಲ್ಲಿನ ಮೇಲೆ ಕೂತು ಇಬ್ಬರೂ "ಐ ವೆಂಟ್, ಐ ಸ್ಯಾಟ್, ಐ ಡ್ರ್ಯಾಂಕ್ ವಾಟರ್" ಎಂದು ದಿನವನ್ನು ಒಪ್ಪಿಸುತ್ತಿದ್ದೆವು. ನನಗೆ ಇವತ್ತಿಗೂ ಬೆಳಗಿನ ಹೊತ್ತು ಭೂತಕಾಲ ಸರಿಯಾಗಿ ಬರುವುದಿಲ್ಲ.

ಅಕ್ಷರಗಳನ್ನು ತಿದ್ದಿಸಿದ್ದು ವೇದಾವತಿಯ ಮರಳಿನಲ್ಲಿ. ಬೇಸಿಗೆಯಲ್ಲಿ ನೀರಿಲ್ಲದ ಹೊಳೆಯ ಉದ್ದಕ್ಕೂ ಅವನು ಕೋಲಿನಿಂದ ಆಳೆತ್ತರದ ಎ, ಬಿ, ಸಿ ಬರೆಯುತ್ತಿದ್ದ. ನಾನು ಅದರ ಗೆರೆಯ ಮೇಲೆ ಬರಿಗಾಲಲ್ಲಿ ನಡೆಯಬೇಕು. ಮರಳು ಕಾದಿರುತ್ತಿತ್ತು. ಡಬ್ಲ್ಯೂ ಬಂದಾಗ ನಾನು ಓಡಿಯೇ ಮುಗಿಸುತ್ತಿದ್ದೆ. ನಾನು ಎಸ್ಸೆಸ್ಸೆಲ್ಸಿ ಇಂಗ್ಲಿಷಿನಲ್ಲಿ ನಲವತ್ತೆರಡು ತೆಗೆದಾಗ ಅಣ್ಣ ಬೀದಿಯವರಿಗೆಲ್ಲ ಮಂಡಕ್ಕಿ ಮೆಣಸಿನಕಾಯಿ ತಿನ್ನಿಸಿದ. ತಾನೇ ಪಾಸಾದವನ ಹಾಗೆ ಓಡಾಡಿದ.

ಈಗ ಕಾರ್ಡಿಗೆ ಬರುತ್ತೇನೆ. ಅಕ್ಕನ ಮಗಳಿಗೆ ಗೊತ್ತಾದ ಹುಡುಗ ಭೀಮಸಮುದ್ರದ ಅಡಿಕೆ ವ್ಯಾಪಾರದ ಮನೆಯವನು. ಅವರ ಕಾರ್ಡಿನಲ್ಲಿ ಇಂಗ್ಲಿಷ್ ಇತ್ತು. ಅಕ್ಕ ಫೋನು ಮಾಡಿ, "ಲೇ ಅಜ್ಜಪ್ಪ, ನಮ್ದೂ ಇಂಗ್ಲಿಷ್ನಾಗೆ ಆಗ್ಬೇಕು. ನೀನೇ ನಿಂತ್ಕಂಡು ಮಾಡ್ಸು" ಎಂದಳು. ನನಗೆ ಅಂಗಿಯ ಗುಂಡಿ ಬಿಗಿಯಾಯಿತು. ಚಿತ್ರದುರ್ಗದ ಒಂದು ಪ್ರೆಸ್ಸಿಗೆ ಹೋದೆ.

ನಮ್ಮ ಕಡೆ ಮದುವೆ ಕಾರ್ಡಿನಲ್ಲಿ ಹೆಸರುಗಳ ಸಾಲು ಎಂದರೆ ಹುಡುಗಾಟವಲ್ಲ. ಯಾರ ಮೇಲೆ ಯಾರು, ಯಾರ ಕೆಳಗೆ ಯಾರು ಎಂದು ಹಿರಿಯರು ಜಮಖಾನ ಹಾಸಿಕೊಂಡು ಕೂತು ತೀರ್ಮಾನಿಸುತ್ತಾರೆ. ಅದರಲ್ಲೂ ಸೋದರಮಾವನ ಹೆಸರು ಎಲ್ಲಿ ಬರಬೇಕೋ ಅಲ್ಲೇ ಬರಬೇಕು. ಕನ್ನಡದ ಮಗ್ಗುಲು ಹಾಗೆಯೇ ತೀರ್ಮಾನವಾಗಿತ್ತು. ಮೊದಲು ಅವ್ವ, ಆಮೇಲೆ ಅಣ್ಣ ಅತ್ತಿಗೆ, ಆಮೇಲೆ ನಾನು ಶಾರದ, ಕೊನೆಗೆ ಮಕ್ಕಳು ಮರಿ. ಪ್ರೆಸ್ಸಿನ ಯಜಮಾನರು ವಯಸ್ಸಾದ ಸಾಹೇಬರು, ತಮ್ಮ ಅಪ್ಪನ ಕಾಲದಿಂದ ಕಾರ್ಡು ಅಚ್ಚು ಮಾಡಿಕೊಂಡು ಬಂದವರು. ಅವರು ಕೇಳಿದರು, "ಇಂಗ್ಲಿಷ್ ಕಡೇನೂ ಇದೇ ಸಾಲಲ್ವ ಸಾರ್?"

"ಇಂಗ್ಲಿಷ್ ಅಂದ್ರೆ ಎ ಟು ಝಡ್ ಹಾಕ್ಬೇಕು ಕಣ್ರಿ" ಎಂದೆ.

"ಮದ್ವೆ ಕಾರ್ಡಿಗೆ ಹಂಗೆ ಯಾರೂ ಹಾಕ್ಸಲ್ಲ ಸಾರ್."

"ಓದಿದೋರು ಹಾಕ್ಸ್ತಾರೆ."

ಅವರು ನನ್ನ ಮುಖವನ್ನು ಒಂದು ಸಲ ನೋಡಿ ಹಾಗೆಯೇ ಬರೆದುಕೊಂಡರು. ಎ ಟು ಝಡ್ ಹಾಕಿದರೆ ಯಾರ ಹೆಸರು ಮೊದಲು ಬರುತ್ತದೆ ಎಂದು ನಾನು ಯೋಚಿಸಿರಲೇ ಇಲ್ಲ ಎಂದರೆ ನೀವು ನಂಬುವುದಿಲ್ಲ. ನಾನೂ ಪೂರ್ತಿ ನಂಬುವುದಿಲ್ಲ.

ಮೊಟ್ಟಮೊದಲು ಅಜ್ಜಪ್ಪ, ಬಿ.ಎ. ಆಮೇಲೆ ಗೌರತ್ತಿಗೆ. ನಡುವೆ ಅವ್ವ. ಕೆಳಗೆ, ಅಕ್ಕನ ಹಿರಿಮಗನ ಆಗಿನ್ನೂ ಹಲ್ಲು ಬರದಿದ್ದ ಕೂಸು ಸಾನ್ವಿ. ಸಾನ್ವಿಯ ಕೆಳಗೆ, ಎಲ್ಲರಿಗಿಂತ ಕೊನೆಗೆ, ಹಿರಿಯ ಸೋದರಮಾವ ತಿಪ್ಪೇಸ್ವಾಮಿ.

ಕಾರ್ಡಿನ ಕಟ್ಟು ಬಂದ ಮಾರನೆಯ ದಿನ ಬೆಳಿಗ್ಗೆ ಅಣ್ಣ ತಿಂಡಿಗೆಂದು ಹೋಟೆಲಿಗೆ ಹೋದವನು ತಿರುಗಿ ಬಂದಾಗ ಕೈಯಲ್ಲಿ ಒಂದು ಕಾರ್ಡಿತ್ತು. ಅಲ್ಲಿ ಯಾರೋ ಓದಿ ಹಂಗಿಸಿರಬೇಕು ಎಂದುಕೊಂಡೆ. "ಏನ್ಲೇ ಇದು?" ಎಂದ. ದನಿ ದೊಡ್ಡದೇನೂ ಇರಲಿಲ್ಲ. ಆಗ ನಾನು "ತಪ್ಪಾತಣ್ಣ" ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು. ಅವರೆದುರು ನಾನು ತಿಳಿಯಹೇಳಲು ಹೊರಟೆ. "ಇಂಗ್ಲಿಷ್ನಾಗೆ ದೊಡ್ಡೋರು ಸಣ್ಣೋರು ಅಂತ ಇರಲ್ಲಣ್ಣ. ಬರೀ ಅಕ್ಷರ ನೋಡ್ತಾರೆ. ಅದೆಲ್ಲ ನಿಂಗೆ ಗೊತ್ತಾಗಲ್ಲ ಬಿಡು."

ಕಾದ ಮರಳಿನ ಮೇಲೆ ನನ್ನನ್ನು ಎ ಇಂದ ಝಡ್‌ವರೆಗೆ ನಡೆಸಿದವನಿಗೆ ನಾನು ಹೇಳಿದ ಮಾತು ಇದು.

"ಹೌದಪ್ಪ, ನಂಗೆಲ್ಲಿ ಗೊತ್ತಾಗ್ಬೇಕು" ಎಂದು ಅಣ್ಣ ಕಾರ್ಡನ್ನು ಮೇಜಿನ ಮೇಲಿಟ್ಟ. ಮೂರು ವರ್ಷದ ಮಟ್ಟಿಗೆ ಅದೇ ಕಡೆಯ ಮಾತು.

ಮದುವೆಗೆ ಬಂದ. ಸೋದರಮಾವ ಮಾಡಬೇಕಾದ್ದನ್ನೆಲ್ಲ ಮಾಡಿದ. ನನ್ನ ಪಕ್ಕದಲ್ಲೇ ನಿಂತು ಫೋಟೊ ತೆಗೆಸಿಕೊಂಡ. ಮಾತು ಮಾತ್ರ ಇಲ್ಲ. ಇವತ್ತು ಆರುತ್ತದೆ ನಾಳೆ ಆರುತ್ತದೆ ಎಂದು ನಾನು ಕಾದೆ. ತಪ್ಪಾಯಿತು ಎನ್ನಲು ಬಾಯಿ ತೆರೆದಾಗಲೆಲ್ಲ ಬಿ.ಎ. ಅಡ್ಡ ಬರುತ್ತಿತ್ತು. ದಿನ ಕಳೆದಷ್ಟೂ ಆ ಮಾತಿನ ತೂಕ ಹೆಚ್ಚಾಯಿತು.

ಮಾತು ಬಿಟ್ಟವರಿಬ್ಬರು ಒಂದೇ ಅಂಗಡಿ ನಡೆಸುವುದು ಹೇಗೆ ಎಂದು ನೀವು ಕೇಳಬಹುದು. ಬಹಳ ಸುಲಭ. ಮೂರು ಅಡಿ ದೂರದಲ್ಲಿ ಕೂತಿರುವ ನನಗೆ ಕೇಳಲಿ ಎಂದು ಅಣ್ಣ ಗಿರಾಕಿಯ ಮುಖ ನೋಡಿ ಹೇಳುತ್ತಿದ್ದ, "ಎರಡಿಂಚಿನ ಫುಟ್‌ವಾಲ್ವ್ ಒಳಗೈತಾ ಕೇಳ್ರಿ." ಗಿರಾಕಿ ಕತ್ತು ತಿರುಗಿಸಿ, "ಐತಾ ಅಂತೆ" ಎನ್ನುತ್ತಿದ್ದ. "ಐತೆ ಅಂತ ಹೇಳ್ರಿ" ಎಂದು ನಾನು. ಬಾಗೂರು ಕಡೆಯ ಕಾಯಂ ಗಿರಾಕಿಗಳಿಗೆ ಇದು ಎಷ್ಟು ಅಭ್ಯಾಸವಾಗಿತ್ತೆಂದರೆ, ನಾವು ಹೇಳುವ ಮುಂಚೆಯೇ ಕತ್ತು ತಿರುಗಿಸಲು ಸಿದ್ಧರಾಗಿ ನಿಲ್ಲುತ್ತಿದ್ದರು. ಗಿರಾಕಿ ಇಲ್ಲದಾಗ ಅಣ್ಣ ತೂಗುಹಾಕಿದ ಫ್ಯಾನ್‌ಬೆಲ್ಟುಗಳಿಗೆ ಹೇಳುತ್ತಿದ್ದ. ಮನೆಯಲ್ಲಿ ಆ ಕೆಲಸಕ್ಕೆ ಅವ್ವ ಇದ್ದಳು.

ಹೀಗಿರುವಾಗ ಹೋದ ವರ್ಷ ಮೇಘನಳಿಗೆ ದಸರಾ ರಜೆ ಬಂತು. ಅವಳಾಗ ಆರನೇ ಕ್ಲಾಸು, ಇಂಗ್ಲಿಷ್ ಮೀಡಿಯಮ್ಮು. ರಜೆಯ ಹೋಂವರ್ಕ್ ಎಂದು ಗ್ರಾಮರಿನ ಅಭ್ಯಾಸಗಳ ಜೊತೆ ಇನ್ನೊಂದು ಹೊಸ ಕಾಟ ತಂದಿದ್ದಳು. ದಿನಾ ಸಂಜೆ ಅರ್ಧ ಗಂಟೆ ಮನೆಯವರೆಲ್ಲ ಕೂತು ಇಂಗ್ಲಿಷಿನಲ್ಲೇ ಮಾತಾಡಬೇಕು, ಅದನ್ನು ಅವಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹೋಗಬೇಕು.

ಮೊದಲ ದಿನ ಕೆಳಗಿನ ಮನೆಯವರೇ ಕೂತೆವು. ದಿನವಿಡೀ ವಟಗುಟ್ಟುವ ಮನೆ ಏಕಾಏಕಿ ಸಾವಾದ ಮನೆಯ ಹಾಗಾಯಿತು. ನಾನು ಗಂಟಲು ಸರಿಮಾಡಿಕೊಂಡು, "ವಾಟ್ ಈಸ್ ವೆಜಿಟೇಬಲ್ ಟುಡೇ?" ಎಂದೆ. ಶಾರದ, "ಬ್ರಿಂಜಾಲ್" ಎಂದಳು. ಮತ್ತೆ ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ಅವ್ವ ಯಾವ ಪ್ರಶ್ನೆಗೂ "ಎಸ್ಸು" ಎಂದಳು. "ಗ್ರ್ಯಾಂಡ್‌ಮದರ್, ವಾಟ್ ಡಿಡ್ ಯೂ ಈಟ್?" "ಎಸ್ಸು." ನನ್ನ ಪಾಂಡಿತ್ಯದ ಬಣ್ಣ ಮೊದಲ ಅರ್ಧ ಗಂಟೆಯಲ್ಲೇ ಕಳಚಿತು. ಮಗಳು ನನ್ನ ವಾಕ್ಯಗಳನ್ನು ಬರೆದುಕೊಳ್ಳದೆ ಪೆನ್ನನ್ನು ತುಟಿಗೆ ಒತ್ತಿಕೊಂಡು ಕೂತಿದ್ದಳು. ಸಲೀಸಾಗಿ ಮಾತಾಡಿದವಳು ಶಾರದ ಒಬ್ಬಳೇ. ಮದುವೆಯಾದ ದಿನದಿಂದ ಏನ್ರೀ, ಬರ್ರಿ, ಉಣ್ರಿ ಎಂದು ಮರ್ಯಾದೆ ಕೊಟ್ಟವಳು, ಇಂಗ್ಲಿಷಿನಲ್ಲಿ ಅದರ ಹಂಗಿಲ್ಲವೆಂದು ಗೊತ್ತಾದೊಡನೆ, "ಯೂ ಆರ್ ಲೇಟ್. ಡೈಲಿ ಲೇಟ್. ವೈ?" ಎಂದು ಬೆರಳು ತೋರಿಸಿದಳು.

ಎರಡನೇ ದಿನ ಮೇಘನ ನೋಟ್‌ಬುಕ್ ಹಿಡಿದು ಮಹಡಿಗೆ ಹೋದಳು. "ಮಿಸ್ ಹೇಳಿದಾರೆ ದೊಡ್ಡಪ್ಪ, ಮನೇಲಿರೋರೆಲ್ಲ ಬರ್ಬೇಕು. ಒಬ್ಬೊಬ್ರೂ ಎಲ್ರನ್ನೂ ಒಂದೊಂದು ಪ್ರಶ್ನೆ ಕೇಳ್ಬೇಕು" ಎಂದಳಂತೆ. ಅಣ್ಣ ಅವಳಿಗೆ ಇಲ್ಲವೆನ್ನಲಾರ. ಅವನ ಮಗಳು ಮದುವೆಯಾಗಿ ಹಿರಿಯೂರಿಗೆ ಹೋದ ಮೇಲೆ ಇವಳೇ ಅವನಿಗೆ ಎಲ್ಲ. ಇಳಿದು ಬಂದ. ಅತ್ತಿಗೆಯೂ ಬಂದರು. ಅತ್ತಿಗೆಗೆ ಗೊತ್ತಿದ್ದದ್ದು ಸೂಪರ್, ಟೆನ್ಷನ್, ಅಡ್ಜಸ್ಟ್ ಎಂಬ ಮೂರೇ ಮಾತು. ಆದರೆ ಅವುಗಳಲ್ಲೇ ಒಂದು ಸಂಸಾರವನ್ನು ವರ್ಣಿಸುವ ಶಕ್ತಿ ಅವರಿಗಿತ್ತು.

ಎಲ್ಲರೂ ಎಲ್ಲರನ್ನೂ ಕೇಳಿ ಆಯಿತು. ಉಳಿದದ್ದು ನಾವಿಬ್ಬರು. ಅಣ್ಣ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ. ನಾನು ನನ್ನ ಕಾಲಿನ ಹೆಬ್ಬೆರಳು ನೋಡುತ್ತಿದ್ದೆ.

"ದೊಡ್ಡಪ್ಪ, ಅಪ್ಪನ್ನ ಕೇಳಿ" ಎಂದಳು ಮೇಘನ.

"ನಿಮ್ಮಪ್ಪಂಗೆ ನೀನೇ ಕೇಳವ್ವ, ನಾನ್ ಕೇಳ್ದೆ ಅಂತ" ಎಂದ ಅಣ್ಣ.

"ಹಂಗೆ ಬರಿಯಂಗಿಲ್ಲ ದೊಡ್ಡಪ್ಪ."

ಮೂಲೆಯಲ್ಲಿ ಕಾಲು ಚಾಚಿ ಕೂತಿದ್ದ ಅವ್ವ ಎಲೆಯಡಿಕೆಯನ್ನು ದವಡೆಯ ಒಂದು ಕಡೆಗೆ ತಳ್ಳಿದಳು. "ಏನ್ರಲೇ, ನೀವು ಮಾತು ಬಿಟ್ಟಿರೋದು ಕನ್ನಡದಾಗಲ್ವ?" ಎಂದಳು. "ಇಂಗ್ಲಿಷ್ನಾಗೆ ಯಾವತ್ತು ಬಿಟ್ರಿ? ಇಂಗ್ಲಿಷ್ನಾಗೆ ಮಾತಾಡಿದ್ರೆ ತಾನೆ ಬಿಡಾಕೆ! ಮಗು ಕಾಯ್ತೈತೆ, ಕೇಳಲೇ ತಿಪ್ಪಣ್ಣ."

ಅಕ್ಷರ ಬಾರದ ಅವ್ವ ಕೊಟ್ಟ ಈ ತೀರ್ಪಿನಲ್ಲಿ ಲೋಪ ಹುಡುಕಲು ಅಣ್ಣನಿಗೂ ಆಗಲಿಲ್ಲ, ಬಿ.ಎ. ಆದ ನನಗೂ ಆಗಲಿಲ್ಲ. ಅಣ್ಣ ಕ್ಯಾಲೆಂಡರಿನಿಂದ ಕಣ್ಣು ತೆಗೆದು ನನ್ನ ಕಡೆ ತಿರುಗಿದ. ಮೂರು ವರ್ಷದ ನಂತರ ನೇರವಾಗಿ ನನ್ನ ಮುಖ ನೋಡಿ ಕೇಳಿದ:

"ವಾಟ್ ಈಸ್ ಯುವರ್ ನೇಮ್?"

"ಮೈ ನೇಮ್ ಈಸ್ ಅಜ್ಜಪ್ಪ" ಎಂದೆ.

"ವಾಟ್ ಈಸ್ ಯುವರ್ ಫಾದರ್ ನೇಮ್?"

ನಮ್ಮಿಬ್ಬರ ಅಪ್ಪನ ಹೆಸರನ್ನು ಹೇಳಿದೆ.

"ಹೌ ಮೆನಿ ಬ್ರದರ್ಸ್ ಯೂ ಹ್ಯಾವ್?"

"ಒನ್."

ಅಣ್ಣ ಸ್ವಲ್ಪ ಮುಂದಕ್ಕೆ ಬಾಗಿದ. "ಎಲ್ಡರ್? ಯಂಗರ್?"

ಮೇಘನ ಪೆನ್ನು ಎತ್ತಿಕೊಂಡು ಕಾಯುತ್ತಿದ್ದಳು. ಶಾರದ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. "ಎಲ್ಡರ್" ಎಂದೆ. "ಹಾಂ, ಬರ್ಕ" ಎಂದು ಅಣ್ಣ ಮೇಘನಳಿಗೆ ಹೇಳಿ ಎದ್ದು ಮಹಡಿ ಹತ್ತಿದ.

ಅಲ್ಲಿಂದ ಸಂಜೆ ಆರರಿಂದ ಆರೂವರೆಯವರೆಗೆ ನಾವು ಅಣ್ಣ ತಮ್ಮಂದಿರು. ಉಳಿದ ಇಪ್ಪತ್ಮೂರೂವರೆ ಗಂಟೆ ಹಿಂದಿನ ಹಾಗೆಯೇ. ಇಂಗ್ಲಿಷಿನಲ್ಲಿ ಅಣ್ಣ ನನ್ನನ್ನು, "ಯೂ ಈಟ್ ಮಾರ್ನಿಂಗ್?" ಎಂದು ವಿಚಾರಿಸಿಕೊಳ್ಳುತ್ತಿದ್ದ. "ಯುವರ್ ನೀ ಪೇನ್, ನೌ ಹೌ?" ಎಂದು ಕೇಳಿದ. ನನಗೆ ಮಂಡಿ ನೋವೆಂದು ಅವನಿಗೆ ಹೇಗೆ ಗೊತ್ತಾಯಿತೋ. ನಾನು ಹೇಳುತ್ತಿದ್ದಂತೆ ಮೇಘನ, "ಟೈಮ್ ಓವರ್!" ಎಂದು ಕೂಗುತ್ತಿದ್ದಳು. ವಾಕ್ಯ ಅರ್ಧದಲ್ಲಿ ನಿಲ್ಲುತ್ತಿತ್ತು. ಅಣ್ಣ ಮತ್ತೆ ಕ್ಯಾಲೆಂಡರಿನ ಕಡೆಗೆ ತಿರುಗುತ್ತಿದ್ದ. ನನಗೋ, ಆ ಅರ್ಧ ಗಂಟೆಗಾಗಿ ಬೆಳಗಿನಿಂದ ಕಾಯುವ ಹಾಗಾಯಿತು. ಗಡಿಯಾರ ಐದೂ ಮುಕ್ಕಾಲು ತೋರಿಸಿದರೆ ಅಂಗಡಿಯಲ್ಲಿ ಕಾಲು ನಿಲ್ಲುತ್ತಿರಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ಹುಡುಗಿ ನೋಡಲು ಹೋದಾಗಲೂ ನಾನು ಅಷ್ಟು ತಯಾರಿ ಮಾಡಿಕೊಂಡಿರಲಿಲ್ಲ.

ಅಷ್ಟರಲ್ಲಿ ನನಗೊಂದು ಆಸೆ ಹುಟ್ಟಿತು. ರಜೆ ಮುಗಿದರೆ ಈ ಅರ್ಧ ಗಂಟೆಯೂ ಹೋಗುತ್ತದೆ. ಅದರೊಳಗೆ ಕಾರ್ಡಿನ ವಿಷಯವನ್ನು ಇಂಗ್ಲಿಷಿನಲ್ಲೇ ಮುಗಿಸಿಬಿಟ್ಟರೆ? ಕನ್ನಡದಲ್ಲಿ ಬಾಯಿಗೆ ಬಾರದ್ದು ಇಂಗ್ಲಿಷಿನಲ್ಲಿ ಬಂದೀತು. ಮೇಘನಳ ಗ್ರಾಮರ್ ಪುಸ್ತಕವನ್ನು ಅಂಗಡಿಗೆ ಒಯ್ದು, ಬೇರಿಂಗಿನ ಪೆಟ್ಟಿಗೆಗಳ ಹಿಂದೆ ಕೂತು ಅಭ್ಯಾಸ ಮಾಡತೊಡಗಿದೆ. ಅಣ್ಣ ಒಂದು ದಿನ ಗಿರಾಕಿಯೊಬ್ಬನಿಗೆ, "ಮಗೀನ ಪುಸ್ತಕಕ್ಕೆ ಗ್ರೀಸ್ ಆಗ್ತೈತೆ ಅಂತ ಹೇಳ್ರಿ" ಎಂದ.

ಆ ಪುಸ್ತಕದಲ್ಲಿ ನನಗೆ ಬಹಳ ಹಿಡಿಸಿದ್ದು ಕರ್ಮಣಿ ಪ್ರಯೋಗ. ಅದರಲ್ಲಿ ಕೆಲಸ ಆಗುತ್ತದೆ, ಮಾಡಿದವನು ಯಾರೆಂದು ಹೇಳಬೇಕಾಗಿಲ್ಲ. ಅಪರಾಧಿಗಳಿಗೆಂದೇ ಮಾಡಿಟ್ಟ ವ್ಯಾಕರಣ. ಮೂರು ದಿನ ತಿದ್ದಿ ತಿದ್ದಿ ಒಂದು ವಾಕ್ಯ ಕಟ್ಟಿದೆ. ರಜೆ ಮುಗಿಯಲು ಎರಡು ದಿನವಿದೆ ಎನ್ನುವಾಗ, ನನ್ನ ಸರದಿ ಬಂದ ಕೂಡಲೇ ಎದ್ದು ನಿಂತು ಒಪ್ಪಿಸಿದೆ: "ಬ್ರದರ್, ಇನ್ ದ ಮ್ಯಾರೇಜ್ ಕಾರ್ಡ್, ಯುವರ್ ನೇಮ್ ವಾಸ್ ಪ್ರಿಂಟೆಡ್ ಲಾಸ್ಟ್. ಸಾರಿ."

ಅವ್ವನ ಬಾಯಿಯ ಎಲೆಯಡಿಕೆ ನಿಂತಿತು. ಅಣ್ಣ ಬಹಳ ಮೆಲ್ಲಗೆ ಕೇಳಿದ, "ಹೂ ಪ್ರಿಂಟೆಡ್?"

ಈ ಪ್ರಶ್ನೆ ಬರುತ್ತದೆಂದು ಪುಸ್ತಕದಲ್ಲಿ ಇರಲಿಲ್ಲ. ನಾನು, "ಪ್ರೆಸ್" ಎಂದೆ.

"ವಿಚ್ ಪ್ರೆಸ್?"

"ಚಿತ್ರದುರ್ಗ ಪ್ರೆಸ್."

ಬೇಡವೆಂದು ಬಾಯಿಬಿಟ್ಟು ಹೇಳಿದ ಆ ಸಾಹೇಬರ ತಲೆಗೆ ಎಲ್ಲವನ್ನೂ ಕಟ್ಟಿ ನಾನು ಕುಳಿತುಕೊಂಡೆ. ಅಣ್ಣ ಆರೂವರೆ ಆಗುವ ಮುಂಚೆಯೇ ಎದ್ದು ಹೋದ. ಮಾರನೆಯ ದಿನ ಸಂಜೆ ಕೆಳಗೆ ಇಳಿಯಲೇ ಇಲ್ಲ. ಮೇಘನ ಕರೆಯಲು ಹೋದರೆ ತಲೆನೋವು ಎಂದು ಕಳಿಸಿದನಂತೆ. ಆ ಸಂಜೆ ನನಗಾದ ಭಯವನ್ನು ಏನು ಹೇಳಲಿ. ಮೂರು ವರ್ಷ ಕಳೆದುಕೊಂಡದ್ದನ್ನು ಹತ್ತು ಹನ್ನೆರಡು ಅರ್ಧ ಗಂಟೆಗಳಷ್ಟು ಮರಳಿ ಪಡೆದು, ಮತ್ತೆ ನನ್ನ ಕೈಯಾರೆ ಕಳೆದುಕೊಂಡಿದ್ದೆ. ಶಾರದ ಅನ್ನ ಬಡಿಸುವಾಗ ಕನ್ನಡದಲ್ಲೇ, "ಇಷ್ಟ್ ಓದಿ ಏನ್ ಬಂತ್ರೀ ನಿಮ್ಗೆ?" ಎಂದಳು.

ರಜೆಯ ಕಡೆಯ ದಿನ ಮೇಘನ ಮಹಡಿ ಮೆಟ್ಟಿಲಲ್ಲಿ ಕೂತು, "ದೊಡ್ಡಪ್ಪ ಬರ್ದೇ ಇದ್ರೆ ನಾನ್ ಬರಿಯಲ್ಲ" ಎಂದು ಹಟ ಹಿಡಿದಳು. ಆರು ಹೊಡೆದು ಹತ್ತು ನಿಮಿಷಕ್ಕೆ ಅಣ್ಣ ಇಳಿದು ಬಂದು ತನ್ನ ಜಾಗದಲ್ಲಿ ಕೂತ. ನಾನು ಪುಸ್ತಕ ಮುಟ್ಟಿರಲಿಲ್ಲ. ವಾಕ್ಯ ಕಟ್ಟಿರಲಿಲ್ಲ. ಸರದಿಗೂ ಕಾಯಲಿಲ್ಲ.

"ಬ್ರದರ್" ಎಂದೆ. "ಪ್ರೆಸ್ ನಾಟ್ ಡಿಡ್. ಹಿ ಸೆಡ್ ನೋ. ಐ ಡಿಡ್. ಐ ಓನ್ಲಿ. ಸಾರಿ."

ಮೇಘನ ತಪ್ಪುಗಳನ್ನು ತಿದ್ದಲಿಲ್ಲ. ಅಣ್ಣ ನನ್ನನ್ನೇ ನೋಡುತ್ತಿದ್ದ. ಆಮೇಲೆ ಹೇಳಿದ:

"ಕನ್ನಡದಾಗೆ ಹೇಳಲೇ."

"ನೋ ಕನ್ನಡ, ದೊಡ್ಡಪ್ಪ!" ಎಂದಳು ಮೇಘನ. ಅವ್ವ ಅವಳ ಕೈ ಹಿಡಿದು ಪಕ್ಕಕ್ಕೆ ಎಳೆದುಕೊಂಡಳು. "ಸುಮ್ಕಿರವ್ವ ನೀನು."

ಇಂಗ್ಲಿಷಿನ ಸಾರಿಯನ್ನು ನಾನು ದಿನಕ್ಕೆ ಹತ್ತು ಸಲ ಹೇಳುವವನು. ಬಸ್ಸಿನಲ್ಲಿ ಕಾಲು ತುಳಿದರೆ, ಚಿಲ್ಲರೆ ಇಲ್ಲದಿದ್ದರೆ, ರಾಂಗ್ ನಂಬರ್ ಬಂದರೆ. ಅದಕ್ಕೆ ನಾಲಗೆ ಸಾಕು. ಈಗ ಅಣ್ಣ ಕೇಳಿದ ಮಾತಿಗೆ ಎಲ್ಲೆಲ್ಲಿಂದಲೋ ಉಸಿರು ಎಳೆದುಕೊಳ್ಳಬೇಕಾಯಿತು. ಹೆಂಡತಿ ನೋಡುತ್ತಿದ್ದಳು, ಮಗಳು ನೋಡುತ್ತಿದ್ದಳು. ನನ್ನ ಗತ್ತು ಗೈರತ್ತು ಎಲ್ಲ ಅಲ್ಲೇ ಚಾಪೆಯ ಮೇಲೆ ಬಿದ್ದಿತ್ತು.

"ತಪ್ಪಾತಣ್ಣ" ಎಂದೆ. "ನಿಂಗೆ ಗೊತ್ತಾಗಲ್ಲ ಅಂದಿದ್ದೂ ತಪ್ಪಾತು."

ಅಣ್ಣ ಎರಡೂ ಕೈಯಿಂದ ಮುಖ ಒರೆಸಿಕೊಂಡ. "ನಂಗೆ ಹೋಟ್ಲಾಗೆ ಯಾರೋ ಹಂಗ್ಸಿದ್ರು ಅನ್ಕಂಡಿದ್ದೀಯಲ್ಲ ನೀನು?" ಎಂದ. ನಾನು ಹೌದೆಂದು ತಲೆಯಾಡಿಸಿದೆ.

"ಯಾರೂ ಹಂಗ್ಸಿಲ್ಲ. ಕಾರ್ಡ್ ತಗಂಡು ಹೋಗಿದ್ದು ನಾನೇ. ನೀನು ಇಂಗ್ಲಿಷ್ನಾಗೆ ಮಾಡ್ಸಿದೀಯ ಅಂತ ಎಲ್ರಿಗೂ ತೋರ್ಸಾಕೆ ಹೋಗಿದ್ದೆ. ನಮ್ ಹುಡ್ಗ ಮಾಡ್ಸಿರೋದು, ಕೇಳ್ರಿ ಅಂತ ಎದ್ ನಿಂತ್ಕಂಡು ಓದ್ದೆ. ಒಂದೊಂದೇ ಹೆಸ್ರು. ಮೊದ್ಲು ನಿಂದು ಬಂತು, ಆತು ಬಿಡು, ಇನ್ನೇನು ನಂದು ಬರ್ತೈತೆ ಅಂತ ಓದ್ದೆ. ಅವ್ವಂದು ಬಂತು, ಕೂಸಿಂದು ಬಂತು, ನಿನ್ ಹೆಂಡ್ತೀದೂ ಬಂತು. ಬಿಟ್ಟೇ ಬಿಟ್ಯೇನೋ ಅಂತ ನನ್ ದನಿ ಹೊಂಟೋತು ಕಣೋ. ಎಲ್ರೂ ಕೇಳ್ತಾ ಕುಂತಿದ್ರು."

ನನಗೆ ತಲೆ ಎತ್ತಲಾಗಲಿಲ್ಲ. ಅಷ್ಟು ಹೊತ್ತಿಗೆ ಹೊರಗೆ ನಲ್ಲಿಯಲ್ಲಿ ಗಾಳಿ ಬುಸುಗುಟ್ಟಿ ನೀರು ಬಂದ ಸದ್ದಾಯಿತು.

"ಅಜ್ಜಪ್ಪ" ಎಂದ ಅಣ್ಣ, ಯಾವ ಗಿರಾಕಿಯ ಮುಖವನ್ನೂ ನೋಡದೆ. "ನೀರು ಬಂತು ನೋಡು. ಹೋಗಿ ಮೋಟಾರ್ ಹಾಕು."

ಹಿತ್ತಲಿಗೆ ಓಡಿ ಸ್ವಿಚ್ ಒತ್ತಿದೆ. ನಮ್ಮ ಮೋಟಾರು ಹಳೆಯದು, ಬೀದಿಗೆಲ್ಲ ಕೇಳುವಷ್ಟು ಸದ್ದು ಮಾಡುತ್ತದೆ. ಅದರ ಪಕ್ಕದಲ್ಲಿ ಗೋಡೆಗೆ ಹಣೆ ಹಚ್ಚಿ ನಿಂತು ಚೆನ್ನಾಗಿ ಅತ್ತೆ. ಎಷ್ಟು ಹೊತ್ತು ಅತ್ತೆನೋ ತಿಳಿಯದು. ಟ್ಯಾಂಕು ತುಂಬಿ ನೀರು ಮಹಡಿಯಿಂದ ನನ್ನ ತಲೆಯ ಮೇಲೇ ಸುರಿಯುತ್ತಿತ್ತು, ಮೇಲಿನಿಂದ ಅಣ್ಣ, "ಲೇ, ಆಫ್ ಮಾಡಲೇ!" ಎಂದು ಕೂಗುತ್ತಲೇ ಇದ್ದ. ಇನ್ನೊಂದು ಸಲ ಕೂಗಲಿ ಎಂದು ನಾನು ಸುಮ್ಮನೆ ನಿಂತಿದ್ದೆ.